ನೀರು ಕುಡಿಯದ ಪಾತಿಗೆ ಸಕ್ಕರೆಯ ಲೆಕ್ಕ

ರಿಪೇರಿಗೆ ತೆಗೆದುಕೊಂಡದ್ದು ಒಂದು ಪಾತಿ. ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು, ಆಮೇಲೆ ಪಕ್ಕಕ್ಕೆ ಹರಿದು ಹೋಗುತ್ತಿತ್ತು. ಒಣಗಿದಾಗ ಮೇಲ್ಪದರ ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು. ಆ ಪದರ ಎತ್ತಿ ಒಂದು ಗೇಣು ಅಗೆದರೆ ಕೆಳಗೆ ಬರೀ ಒಣಮಣ್ಣು. ಗೊಬ್ಬರ ಕಡಿಮೆಯಾಗಿದೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನನಗೆ ಕಾರಣ ಬೇಕಿತ್ತು. ನೀರು ಒಳಗೆ ಹೋಗಬೇಕಾದರೆ ಮಣ್ಣಿನಲ್ಲಿ ಏನಿರಬೇಕು? ಇಲ್ಲಿ ಇಲ್ಲದ್ದು ಯಾವುದು?

ಹುಡುಕುತ್ತಾ ಹೋದರೆ ಉತ್ತರ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ ಮತ್ತು ಸಕ್ಕರೆಯ ಸರಪಳಿಗಳ ಹತ್ತಿರ ಬಂದು ನಿಲ್ಲುತ್ತದೆ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯ ಒಂದು ಪಾಲು ಬೇರಿಗೆ ಇಳಿಯುತ್ತದೆ. ಅಲ್ಲಿಂದ ಸ್ವಲ್ಪ ಮಣ್ಣಿಗೆ ಸೋರುತ್ತದೆ. ಬೇರಿನ ತುದಿ ಲೋಳೆಯನ್ನೂ ಬಿಡುತ್ತದೆ; ಅದರಲ್ಲಿ ಹೆಚ್ಚಿನದು ಸಕ್ಕರೆಯ ಉದ್ದ ಸರಪಳಿಗಳೇ. ಸೋರಿದ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ತನ್ನ ಸುತ್ತ ಮತ್ತೊಂದು ಬಗೆಯ ಅಂಟು ಕಟ್ಟಿಕೊಳ್ಳುತ್ತದೆ. ಈ ಅಂಟು ಜೇಡಿಯ ಕಣಗಳನ್ನು ಹಿಡಿದು ಮಣ್ಣನ್ನು ಕಾಳುಕಾಳಾಗಿ ಮಾಡುತ್ತದೆ. ಕಾಳುಗಳ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಕಾಳಿನ ಒಳಗಿನ ಸಣ್ಣ ರಂಧ್ರಗಳಲ್ಲಿ ನೀರು ಉಳಿಯುತ್ತದೆ.

ಇದು ಬರೀ ಊಹೆ ಅಲ್ಲ. ಸೋಡಿಯಂ ಪೆರಿಯೋಡೇಟ್ ಅನ್ನೋ ರಾಸಾಯನಿಕ ಸಕ್ಕರೆಯ ಸರಪಳಿಗಳನ್ನು ಕತ್ತರಿಸುತ್ತದೆ. ಅದನ್ನು ಹಾಕಿದ ಮೇಲೆ ಹಲವು ಮಣ್ಣುಗಳ ಹೆಂಟೆ ನೀರಿನಲ್ಲಿ ನಿಲ್ಲದೆ ಕುಸಿಯುತ್ತದೆ ಅಂತ 1960ರ ದಶಕದಲ್ಲೇ ತೋರಿಸಿದ್ದರು. ಮುಂದೆ 1982ರಲ್ಲಿ ಟಿಸ್‌ಡಾಲ್ ಮತ್ತು ಓಡ್ಸ್ ಅನ್ನೋ ವಿಜ್ಞಾನಿಗಳು ಇದನ್ನೆಲ್ಲ ಒಂದು ಕ್ರಮಕ್ಕೆ ತಂದರು. ಸಕ್ಕರೆಯ ಅಂಟು ಬೇಗ ಕಟ್ಟುತ್ತದೆ, ಬೇಗ ಹೋಗುತ್ತದೆ. ಬೇರು ಮತ್ತು ಶಿಲೀಂಧ್ರದ ಎಳೆಗಳು ತಿಂಗಳುಗಟ್ಟಲೆ ಹಿಡಿದಿಡುತ್ತವೆ. ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡ ಹಳೆಯ ಸಾವಯವ ವಸ್ತು ವರ್ಷಗಟ್ಟಲೆ ಬಾಳುತ್ತದೆ. ಈ ಮೂರು ಕಾಲಮಾನಗಳನ್ನು ಪಾತಿಯ ಮಣ್ಣು ತುಂಬಿದ ಟ್ರೇಗಳಲ್ಲಿ ನೋಡಬೇಕು ಅನ್ನೋದೇ ಈ ಕೆಲಸದ ಆಸೆ.

ಮೊದಲು ಅಳತೆ

ಇಂಗುವ ವೇಗ ಅಳೆಯಲು ಸುಮಾರು 15 ಸೆಂ.ಮೀ. ಅಗಲದ ಲೋಹದ ಕೊಳವೆಯ ತುಂಡು ಸಾಕು. ಕೆಳ ಅಂಚನ್ನು ಅರದಿಂದ ಉಜ್ಜಿ ಚೂಪು ಮಾಡಿ. ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಿಂದ ನಿಧಾನವಾಗಿ ಹೊಡೆದು ಅರ್ಧದಷ್ಟು ನೆಲಕ್ಕೆ ಇಳಿಸಿ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, 440 ಮಿಲಿ ನೀರು ಸುರಿದು, ಹಾಳೆಯನ್ನು ಮೆಲ್ಲಗೆ ಎಳೆಯಿರಿ. ಈ ಅಗಲಕ್ಕೆ 440 ಮಿಲಿ ಅಂದರೆ 2.5 ಸೆಂ.ಮೀ. ಎತ್ತರದ ನೀರು, ಅಂದರೆ 25 ಮಿ.ಮೀ. ಮಳೆ. ಹಾಳೆ ಎಳೆದ ಕ್ಷಣದಿಂದ ನೀರಿನ ಹೊಳಪು ಮಾಯವಾಗುವ ತನಕ ಗಡಿಯಾರ ನೋಡಿ. ಮೊದಲ ಸಲ ಸುರಿದದ್ದು ಒಣಮಣ್ಣನ್ನು ನೆನೆಸಲು ಹೋಗುತ್ತದೆ. ಎರಡನೇ ಸಲದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಳೆ ಹಾಸುವುದನ್ನು ಬಿಡಬೇಡಿ. ನೀರು ನೇರವಾಗಿ ಬಿದ್ದರೆ ಮೇಲ್ಪದರ ಕಲಕಿ ಸಂದಿ ಮುಚ್ಚಿಹೋಗುತ್ತದೆ, ಅಳತೆಯೇ ಕೆಡುತ್ತದೆ.

ಎರಡನೆಯದು ಹೆಂಟೆ ಪರೀಕ್ಷೆ. ಗಾಳಿಯಲ್ಲಿ ಒಣಗಿಸಿದ ಸಣ್ಣ ಹೆಂಟೆಯನ್ನು ಗಾಜಿನ ಲೋಟದ ನೀರಿನಲ್ಲಿ ಜಾಲರಿ ಮೇಲೆ ಇಡಿ, ಅಷ್ಟೇ. ಒಣ ಹೆಂಟೆಗೆ ನೀರು ನುಗ್ಗಿದಾಗ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತದೆ. ಜೇಡಿಯೂ ಉಬ್ಬುತ್ತದೆ. ಅಂಟಿಲ್ಲದ ಹೆಂಟೆ ಇದನ್ನು ತಡೆಯಲಾರದೆ ಪುಡಿಯಾಗುತ್ತದೆ. ಅಂಟಿರುವ ಹೆಂಟೆ ಎರಡು ರೀತಿಯಲ್ಲಿ ಬಚಾವಾಗುತ್ತದೆ: ಕಣಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ರಂಧ್ರದ ಗೋಡೆಗೆ ಬಳಿದ ಅಂಟು ನೀರು ನುಗ್ಗುವ ವೇಗವನ್ನೂ ತಗ್ಗಿಸುತ್ತದೆ. ನನ್ನ ಪಾತಿಯ ಹೆಂಟೆ ನೀರಿಗೆ ಬಿದ್ದ ತಕ್ಷಣ ಕರಗಿ ಕೆಸರಾಯಿತು. ಪಕ್ಕದ ಹುಲ್ಲಿನ ಬುಡದಿಂದ ತೆಗೆದ ಹೆಂಟೆ ಹಾಗೇ ಕೂತಿತ್ತು. ಮಣ್ಣು ಒಂದೇ, ಜೇಡಿಯೂ ಒಂದೇ. ಒಂದರಲ್ಲಿ ಬೇರಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಮಣ್ಣಿನ ಉಸಿರು ಹಿಡಿಯುವ ಜಾಡಿ

ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಎಷ್ಟು ಉರಿಸಿದವು ಅಂತ ತಿಳಿಯಲು ಅವು ಉಸಿರಾಗಿ ಬಿಡುವ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕು. ಹಳೆಯ ವಿಧಾನ, ಈಗಲೂ ಒಳ್ಳೆಯ ವಿಧಾನ. ಬಿಗಿ ಮುಚ್ಚಳದ ದೊಡ್ಡ ಗಾಜಿನ ಜಾಡಿಯಲ್ಲಿ 100 ಗ್ರಾಂ ಮಣ್ಣು ಹಾಕಿ, ತೇವ ಮಾಡಿ. ರಂಧ್ರಗಳ ಸುಮಾರು 60 ಶೇಕಡಾ ನೀರು ತುಂಬಿದ್ದರೆ ಸೂಕ್ಷ್ಮಜೀವಿಗಳ ಕೆಲಸ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಗಾಳಿಯಾಡುವುದಿಲ್ಲ. ಮಣ್ಣಿನ ಮೇಲೆ ಸಣ್ಣ ಬಟ್ಟಲಿನಲ್ಲಿ 20 ಮಿಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಇಡಿ, ಲೀಟರಿಗೆ 40 ಗ್ರಾಂ ಲೆಕ್ಕದಲ್ಲಿ. ಮಣ್ಣಿಲ್ಲದ ಇನ್ನೊಂದು ಜಾಡಿಯಲ್ಲೂ ಅದೇ ದ್ರಾವಣ ಇಡಿ. ಗಾಳಿಯಲ್ಲಿ ಮೊದಲೇ ಇದ್ದ ಇಂಗಾಲವನ್ನು ಕಳೆಯಲು ಅದು ಬೇಕು.

ಬಟ್ಟಲು ತೆಗೆದ ಮೇಲೆ ಬೇರಿಯಂ ಕ್ಲೋರೈಡ್ ಹಾಕಿದರೆ ಹಿಡಿದ ಇಂಗಾಲ ಬಿಳಿ ಗಸಿಯಾಗಿ ಕೂರುತ್ತದೆ. ಉಳಿದ ಕ್ಷಾರಕ್ಕೆ ಫಿನಾಲ್ಫ್ತಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಹನಿ ಹಾಕಿ, ಗುಲಾಬಿ ಬಣ್ಣ ಹೋಗುವ ತನಕ ಲೀಟರಿಗೆ 36.5 ಗ್ರಾಂ ಲೆಕ್ಕದ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಖಾಲಿ ಜಾಡಿಗೆ ಬೇಕಾದ ಆಮ್ಲದಲ್ಲಿ ಮಣ್ಣಿನ ಜಾಡಿಗೆ ಬೇಕಾದ್ದನ್ನು ಕಳೆಯಿರಿ. ವ್ಯತ್ಯಾಸದ ಪ್ರತಿ ಮಿಲಿಗೆ 22 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್, ಅಂದರೆ 6 ಮಿಲಿಗ್ರಾಂ ಇಂಗಾಲ.

ಇಲ್ಲಿ ಎಚ್ಚರ ಬೇಕೇ ಬೇಕು. ಹೈಡ್ರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ, ಅದರ ಮೇಲೆ ನೀರು ಸುರಿಯಬೇಡಿ. ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಆದ್ದರಿಂದ ಕೈಗವಸು ಮತ್ತು ಕನ್ನಡಕ ಇರಲಿ. ಬೇರಿಯಂ ಕ್ಲೋರೈಡ್ ವಿಷ. ಉಳಿದದ್ದನ್ನು ಮಣ್ಣಿಗೂ ಚರಂಡಿಗೂ ಸುರಿಯದೆ ಬೇರೆ ಡಬ್ಬಿಯಲ್ಲಿ ಇಟ್ಟು, ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಮಕ್ಕಳಿರುವ ಜಾಗದಲ್ಲಿ ಈ ಪರೀಕ್ಷೆ ಬೇಡ. ಹೆಂಟೆ ಪರೀಕ್ಷೆ ಒಂದರಿಂದಲೇ ಬೇಕಾದಷ್ಟು ತಿಳಿಯುತ್ತದೆ.

100 ಗ್ರಾಂ ಮಣ್ಣಿಗೆ 0.2 ಗ್ರಾಂ ಸಕ್ಕರೆ ಹಾಕಿದೆ. ಸಕ್ಕರೆಯ ತೂಕದಲ್ಲಿ 42 ಶೇಕಡಾ ಇಂಗಾಲ, ಅಂದರೆ 84 ಮಿಲಿಗ್ರಾಂ. ಅದೆಲ್ಲ ಉರಿದರೂ ಸುಮಾರು 310 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ, 20 ಮಿಲಿ ದ್ರಾವಣ ಅದನ್ನು ಹಿಡಿಯಬಲ್ಲದು. ಇದಕ್ಕಿಂತ ಜಾಸ್ತಿ ಸಕ್ಕರೆ ಹಾಕುವುದಾದರೆ ದ್ರಾವಣವನ್ನೂ ಏರಿಸಬೇಕು. ಜಾಡಿಯನ್ನು ಆಗಾಗ ತೆರೆದು ಹೊಸ ಗಾಳಿ ಬಿಡುವುದೂ ಮುಖ್ಯ. ಇಲ್ಲದಿದ್ದರೆ ಆಮ್ಲಜನಕ ತೀರಿ ಮಣ್ಣು ಬೇರೆಯೇ ದಾರಿ ಹಿಡಿಯುತ್ತದೆ.

ಸಕ್ಕರೆ ಹಾಕಿದ ಜಾಡಿಯ ಉಸಿರು ಮೊದಲ ದಿನವೇ ಏರಿತು, ಕೆಲವೇ ದಿನಗಳಲ್ಲಿ ಇಳಿಯಿತು. ಹಾಕಿದ ಇಂಗಾಲದ ಅರ್ಧದ ಆಸುಪಾಸು ಗಾಳಿಗೆ ಹೋಯಿತು, ಉಳಿದದ್ದು ಮಣ್ಣಿನಲ್ಲೇ ಇತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕವೂ ಇದೇ. ಸೂಕ್ಷ್ಮಜೀವಿ ತಿಂದ ಗ್ಲೂಕೋಸಿನ ಇಂಗಾಲದಲ್ಲಿ 40ರಿಂದ 60 ಶೇಕಡಾ ಅದರ ಮೈ ಕಟ್ಟಲು ಹೋಗುತ್ತದೆ, ಮಿಕ್ಕಿದ್ದು ಉಸಿರಾಗಿ ಹೊರಗೆ ಹೋಗುತ್ತದೆ. ಹೊರಗೆ ಹೋದದ್ದನ್ನು ನಷ್ಟ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆ ಉರಿಯಿಂದ ಬಂದ ಶಕ್ತಿಯಲ್ಲೇ ಅಂಟು ತಯಾರಾಗುತ್ತದೆ.

ಐದು ಟ್ರೇ

ಪಾತಿಯ ಮಣ್ಣನ್ನೇ ಜರಡಿ ಹಿಡಿದು, ತಳದಲ್ಲಿ ತೂತಿರುವ ಐದು ಟ್ರೇಗಳಿಗೆ ತುಂಬಿದೆ. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಕಿಲೋ ಮಣ್ಣಿಗೆ 2 ಗ್ರಾಂ ಸಕ್ಕರೆ, ನೀರಿನಲ್ಲಿ ಕರಗಿಸಿ. ಒಂದಕ್ಕೆ ಕಿಲೋಗೆ 5 ಗ್ರಾಂ ಕ್ಸಾಂಥನ್ ಗಮ್. ಇದು ಕ್ಸಾಂಥೋಮೋನಾಸ್ ಅನ್ನೋ ಬ್ಯಾಕ್ಟೀರಿಯಾದಿಂದಲೇ ತೆಗೆಯುವ ಅಂಟು, ಆದ್ದರಿಂದ ಮಣ್ಣಿನ ಅಂಟಿಗೆ ಹತ್ತಿರದ ಸಂಬಂಧಿ. ನಾಲ್ಕನೆಯದರಲ್ಲಿ ಕತ್ತರಿಸಿದ ಒಣಹುಲ್ಲನ್ನು ಮಣ್ಣಿಗೆ ಬೆರೆಸಿದೆ. ಐದನೆಯದರಲ್ಲಿ ಜೋಳ ಮತ್ತು ಅಲಸಂದೆ ಒಟ್ಟಿಗೆ ಬಿತ್ತಿದೆ.

ಕ್ಸಾಂಥನ್ ಟ್ರೇ ನನಗೆ ತುಂಬಾ ಕಲಿಸಿತು. ಹೆಂಟೆ ಕಲ್ಲಿನಂತೆ ಗಟ್ಟಿ. ಒಮ್ಮೆ ನೆನೆದ ಮೇಲೆ ನೀರನ್ನು ಬಿಡುವುದೇ ಇಲ್ಲ. ಟ್ರೇ ತೂಗಿ ನೋಡಿದರೆ ಬೇರೆಲ್ಲದಕ್ಕಿಂತ ನಿಧಾನವಾಗಿ ಒಣಗುತ್ತಿತ್ತು. ಆದರೆ ಮೇಲಿನಿಂದ ಸುರಿದ ನೀರು ಒಳಗೆ ಹೋಗಲಿಲ್ಲ. ಉಬ್ಬಿದ ಅಂಟು ಸಂದಿಗಳನ್ನೆಲ್ಲ ಮುಚ್ಚಿತ್ತು. ಅಂಟು ಎಲ್ಲ ಕಡೆ ಸಮನಾಗಿ ಹರಡಿದರೆ ಇದೇ ಆಗುವುದು. ಬೇರು ಹಾಗೆ ಮಾಡುವುದಿಲ್ಲ. ಬೇರಿನ ಪಕ್ಕದಲ್ಲಿ ಮಾತ್ರ ಲೋಳೆ ಇರುತ್ತದೆ, ಬೇರು ಸತ್ತ ಮೇಲೆ ಅದರ ಜಾಗ ಕೊಳವೆಯಾಗಿ ಉಳಿಯುತ್ತದೆ. ಅಂಟೂ ಬೇಕು, ಅಂಟಿಲ್ಲದ ದಾರಿಯೂ ಬೇಕು. ಎರಡನ್ನೂ ಒಟ್ಟಿಗೆ ಕೊಡುವುದು ಬೇರು. ಮಣ್ಣಿಗೆ ನೀರು ಹಿಡಿಯುವ ಪುಡಿ ಹಾಕಿದರೆ ಸಾಕು ಅನ್ನುವವರು ಈ ಟ್ರೇ ಒಮ್ಮೆ ಮಾಡಿ ನೋಡಬೇಕು.

ಸಕ್ಕರೆ ಟ್ರೇಯಲ್ಲಿ ಬದಲಾವಣೆ ಬೇಗ ಕಂಡಿತು. ಒಂದೆರಡು ವಾರದಲ್ಲೇ ಹೆಂಟೆ ನೀರಿನಲ್ಲಿ ನಿಲ್ಲತೊಡಗಿತು. ಆದರೆ ಮತ್ತೆ ಸಕ್ಕರೆ ಹಾಕದೆ ಬಿಟ್ಟಾಗ ಆ ಬಲ ನಿಧಾನವಾಗಿ ಹೋಯಿತು. ಅಂಟನ್ನು ಮಾಡಿದ ಜೀವಿಗಳೇ ಊಟ ತೀರಿದಾಗ ಅಂಟನ್ನೂ ತಿನ್ನುತ್ತವೆ. 1965ರಲ್ಲಿ ಮೊನಿಯೆ ಅನ್ನೋ ವಿಜ್ಞಾನಿ ಕೊಟ್ಟ ಚಿತ್ರ ಇದೇ: ಸುಲಭವಾಗಿ ಕರಗುವ ವಸ್ತು ಹೆಂಟೆಯ ಬಲವನ್ನು ಬೇಗ ಏರಿಸಿ ಬೇಗ ಇಳಿಸುತ್ತದೆ, ಗಿಡದ ನಾರಿನಲ್ಲಿರುವ ಸೆಲ್ಯುಲೋಸ್ ನಿಧಾನವಾಗಿ ಏರಿಸಿ ಹೆಚ್ಚು ಕಾಲ ಇಡುತ್ತದೆ, ಚೆನ್ನಾಗಿ ಕಳಿತ ಗೊಬ್ಬರದ ಪರಿಣಾಮ ಚಿಕ್ಕದು, ಆದರೆ ದೀರ್ಘ.

ಅದೇ ಟ್ರೇಯ ಮೂಲೆಯಲ್ಲಿ ಬಿತ್ತಿದ ಕೆಲವು ಬೀಜಗಳ ಸಸಿ ಬಿಳಿಚಿಕೊಂಡವು. ಇದು ಸಾರಜನಕದ ಕತೆ. ಸಕ್ಕರೆಯಲ್ಲಿ ಸಾರಜನಕ ಒಂದಿಷ್ಟೂ ಇಲ್ಲ. ಸೂಕ್ಷ್ಮಜೀವಿಯ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಅದನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಒಣಹುಲ್ಲಿನಲ್ಲೂ ಇದೇ ಆಗುತ್ತದೆ, ಅದರ ಅನುಪಾತ 80ಕ್ಕೆ 1ರ ಆಸುಪಾಸು. ನಾಲ್ಕನೇ ಟ್ರೇ ಹೆಂಟೆ ಪರೀಕ್ಷೆಯಲ್ಲಿ ತಡವಾಗಿ ಪಾಸಾಯಿತು, ಆದರೆ ಸಕ್ಕರೆ ಟ್ರೇ ಸೋತ ಮೇಲೂ ನಿಂತಿತ್ತು. ಹುಲ್ಲಿನ ತುಂಡುಗಳ ಸುತ್ತ ಬಿಳಿ ಎಳೆಗಳು ಮಣ್ಣನ್ನು ಹೆಣೆದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರಪಳಿಯೇ ಅಲ್ವಾ? ವ್ಯತ್ಯಾಸ ಏನೆಂದರೆ, ಅದನ್ನು ಬಿಡಿಸಲು ಕಿಣ್ವ ಬೇಕು, ಸಮಯ ಬೇಕು. ಈ ನಿಧಾನವೇ ಇಲ್ಲಿ ಲಾಭ.

ಜೀವಂತ ಟ್ರೇ ಬಗ್ಗೆ ಏನು ಬರೆಯಲಿ! ಜೋಳದ ಬೇರನ್ನು ಎತ್ತಿದಾಗ ಮಣ್ಣು ಅಂಗಿಯ ತೋಳಿನಂತೆ ಸುತ್ತ ಅಂಟಿಕೊಂಡೇ ಬಂತು. ಅಲ್ಲಿನ ಕಾಳನ್ನು ನೀರಿಗೆ ಹಾಕಿದರೆ ಕಲಕಿದರೂ ಬಿಡಲಿಲ್ಲ. ಸುರಿದ ನೀರು ನಿಲ್ಲದೆ ಇಳಿಯಿತು. ಅಲಸಂದೆ ತನ್ನ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಹಾಗಾಗಿ ಎಲೆ ಹಸಿರಾಗೇ ಇತ್ತು. ಆ ಹಿಡಿಯುವ ಕೆಲಸಕ್ಕೂ ಗಿಡ ಸಕ್ಕರೆಯನ್ನೇ ಖರ್ಚು ಮಾಡುತ್ತದೆ.

ಒಣಗಿಸಿ ನೆನೆಸಿದಾಗ

ಟ್ರೇಗಳಿಂದ ಸ್ವಲ್ಪ ಮಣ್ಣು ತೆಗೆದು ಪೂರ್ತಿ ಒಣಗಿಸಿ, ಮತ್ತೆ ನೆನೆಸಿ ಜಾಡಿಗೆ ಹಾಕಿದೆ. ಉಸಿರು ಒಮ್ಮೆಲೇ ಏರಿತು. ಸದಾ ತೇವದಲ್ಲಿಟ್ಟ ಮಣ್ಣಿನಲ್ಲಿ ಹೀಗಾಗಲಿಲ್ಲ. ಇದನ್ನು ಬರ್ಚ್ ಪರಿಣಾಮ ಅನ್ನುತ್ತಾರೆ. ಪೂರ್ವ ಆಫ್ರಿಕಾದ ಮಣ್ಣಿನ ಮೇಲೆ ಕೆಲಸ ಮಾಡಿದ ಬರ್ಚ್ 1958ರಲ್ಲಿ ಇದನ್ನು ವಿವರವಾಗಿ ಬರೆದರು. ಮಣ್ಣು ಒಣಗುವಾಗ ಹಲವು ಸೂಕ್ಷ್ಮಜೀವಿಗಳು ಟ್ರೆಹಲೋಸ್‌ನಂಥ ಸಕ್ಕರೆಯನ್ನು ಮೈಯೊಳಗೆ ಕೂಡಿಟ್ಟುಕೊಂಡು ಒಣಗುವುದನ್ನು ತಡೆದುಕೊಳ್ಳುತ್ತವೆ. ನೀರು ಬಂದ ಕ್ಷಣ ಅದನ್ನು ಬೇಗ ಹೊರಹಾಕಬೇಕು ಅಥವಾ ಉರಿಸಬೇಕು, ಇಲ್ಲದಿದ್ದರೆ ಕೋಶ ಒಡೆಯುತ್ತದೆ. ಸತ್ತ ಕೋಶಗಳೂ ಒಡೆದ ಹೆಂಟೆಯ ಒಳಗಿನ ಹಳೆಯ ಇಂಗಾಲವೂ ಅದಕ್ಕೆ ಸೇರುತ್ತವೆ.

ಇದರಿಂದ ಪಾತಿಗೆ ಒಂದು ತೀರ್ಮಾನ ಸಿಕ್ಕಿತು. ಬರಿನೆಲ ಬಿಸಿಲಿಗೆ ಒಣಗಿ ಪದೇಪದೇ ನೆನೆದರೆ ಪ್ರತಿ ಸಲವೂ ಇಂಗಾಲ ಹೊಗೆಯಂತೆ ಹೋಗುತ್ತದೆ, ಹೆಂಟೆಯೂ ಒಡೆಯುತ್ತದೆ. ಹೊದಿಕೆ ಅನ್ನೋದು ನೀರು ಆವಿಯಾಗದಂತೆ ತಡೆಯಲು ಮಾತ್ರ ಅಲ್ಲ. ಈ ಏರಿಳಿತವನ್ನೂ ಅದು ತಗ್ಗಿಸುತ್ತದೆ.

ಸಕ್ಕರೆ ಸುರಿದೇ ಮಣ್ಣು ಸರಿ ಮಾಡಬಹುದಾ?

ಲೆಕ್ಕ ಹಾಕೋಣ. ಒಂದು ಹೆಕ್ಟೇರಿನ ಮೇಲಿನ 30 ಸೆಂ.ಮೀ. ಮಣ್ಣು ಸುಮಾರು 3,900 ಟನ್, ಘನ ಸೆಂ.ಮೀ.ಗೆ 1.3 ಗ್ರಾಂ ಹಿಡಿದರೆ. ಅಲ್ಲಿ ಇಂಗಾಲವನ್ನು ಶೇಕಡಾ 1ರಷ್ಟು ಏರಿಸಲು 39 ಟನ್ ಇಂಗಾಲ ಬೇಕು. ಸಕ್ಕರೆಯ ರೂಪದಲ್ಲಿ ಅದು 93 ಟನ್, ಅದೂ ಒಂದು ಗ್ರಾಂ ಕೂಡ ಉರಿಯದಿದ್ದರೆ. ಅರ್ಧ ಉರಿಯುತ್ತದೆ ಅಂತ ಈಗಾಗಲೇ ನೋಡಿದೆವು. ಜೊತೆಗೆ ಹೊಸ ಸಕ್ಕರೆ ಸಿಕ್ಕಾಗ ಸೂಕ್ಷ್ಮಜೀವಿಗಳು ಚುರುಕಾಗಿ ಹಳೆಯ ಇಂಗಾಲವನ್ನೂ ತಿನ್ನುವುದುಂಟು. 1926ರಲ್ಲೇ ಲೋನಿಸ್ ಅನ್ನೋ ವಿಜ್ಞಾನಿ ಹಸಿರೆಲೆ ಗೊಬ್ಬರದಲ್ಲಿ ಇದನ್ನು ಗಮನಿಸಿದ್ದರು. ಆದ್ದರಿಂದ ಸಕ್ಕರೆಯನ್ನೋ ಕಾಕಂಬಿಯನ್ನೋ ಸುರಿಯುವುದು ಪರೀಕ್ಷೆಗೆ ಸರಿ, ರಿಪೇರಿಗೆ ಅಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಇಂಗಾಲ ಏರಿಸಿದರೆ ಮಣ್ಣು ಲಕ್ಷಗಟ್ಟಲೆ ಲೀಟರ್ ನೀರು ಹಿಡಿಯುತ್ತದೆ ಅಂತ ಎಲ್ಲೆಡೆ ಬರೆಯುತ್ತಾರೆ. ಮಿನಾಸ್ನಿ ಮತ್ತು ಮೆಕ್‌ಬ್ರಾಟ್ನಿ ಅನ್ನೋ ವಿಜ್ಞಾನಿಗಳು 2018ರಲ್ಲಿ ಬಹಳಷ್ಟು ಅಳತೆಗಳನ್ನು ಒಟ್ಟುಗೂಡಿಸಿ ನೋಡಿದರು. ಸಾವಯವ ಇಂಗಾಲ ಶೇಕಡಾ 1 ಏರಿದರೆ ಗಿಡಕ್ಕೆ ಸಿಗುವ ನೀರು 100 ಮಿ.ಮೀ. ಮಣ್ಣಿಗೆ ಸರಾಸರಿ 1.16 ಮಿ.ಮೀ. ಮಾತ್ರ ಏರುತ್ತದೆ. 30 ಸೆಂ.ಮೀ. ಆಳಕ್ಕೆ ಸುಮಾರು 3.5 ಮಿ.ಮೀ., ಹೆಕ್ಟೇರಿಗೆ ಸುಮಾರು 35,000 ಲೀಟರ್. ಒಳ್ಳೆಯದೇ, ಆದರೆ ಪವಾಡವಲ್ಲ.

ಹಾಗಾದರೆ ದೊಡ್ಡ ಲಾಭ ಎಲ್ಲಿದೆ? ಒಳಗೆ ಹೋಗುವ ನೀರಿನಲ್ಲಿ. 30 ಮಿ.ಮೀ. ಮಳೆ ಬಂತು ಅನ್ನಿ. ಗಟ್ಟಿ ಮೇಲ್ಪದರ 10 ಮಿ.ಮೀ. ಮಾತ್ರ ಬಿಟ್ಟುಕೊಂಡರೆ 20 ಮಿ.ಮೀ. ಹರಿದು ಹೋಯಿತು. ಮೇಲ್ಪದರ ತೆರೆದುಕೊಂಡರೆ ಒಂದೇ ಮಳೆಯಲ್ಲಿ 20 ಮಿ.ಮೀ. ಉಳಿತಾಯ, 3.5ಕ್ಕೆ ಹೋಲಿಸಿದರೆ ಎಷ್ಟೋ ಪಾಲು. ಅದಕ್ಕೆ ಟನ್‌ಗಟ್ಟಲೆ ಹಳೆಯ ಇಂಗಾಲ ಬೇಕಿಲ್ಲ. ಮೇಲಿನ ಕೆಲವು ಸೆಂ.ಮೀ.ಗಳಲ್ಲಿ ಹೊಸ ಅಂಟು ನಿಲ್ಲದೆ ತಯಾರಾಗುತ್ತಿದ್ದರೆ ಸಾಕು. ಉಳಿಯುವ ಇಂಗಾಲಕ್ಕಿಂತ ಹರಿಯುವ ಇಂಗಾಲ ನೀರಿಗೆ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದು ಈ ಟ್ರೇಗಳಿಂದ ನನಗೆ ಗಟ್ಟಿಯಾದ ವಿಷಯ.

ಉಳಿಯುವ ಇಂಗಾಲವೂ ಆ ಹರಿವಿನಿಂದಲೇ ಬರುತ್ತದೆ. ಸೂಕ್ಷ್ಮಜೀವಿಗಳು ಸತ್ತ ಮೇಲೆ ಅವುಗಳ ಕೋಶದ ಗೋಡೆ, ಅಂಟು, ಪ್ರೋಟೀನ್ ಜೇಡಿಗೆ ಅಂಟಿಕೊಳ್ಳುತ್ತವೆ. ಮಣ್ಣಿನ ಇಂಗಾಲದಲ್ಲಿ ಇವುಗಳ ಪಾಲು ದೊಡ್ಡದು. ಮಣ್ಣಿನ ಸಕ್ಕರೆ ಎಲ್ಲಿಂದ ಬಂತು ಅಂತ ಗುರುತಿಸಲೂ ಒಂದು ದಾರಿ ಇದೆ. ಗಿಡದ ಉಳಿಕೆಯಲ್ಲಿ ಅರಾಬಿನೋಸ್, ಕ್ಸೈಲೋಸ್ ಜಾಸ್ತಿ. ಸೂಕ್ಷ್ಮಜೀವಿಗಳದ್ದರಲ್ಲಿ ಗ್ಯಾಲಕ್ಟೋಸ್, ಮ್ಯಾನೋಸ್ ಜಾಸ್ತಿ. ಇದಕ್ಕೆ ಲ್ಯಾಬ್ ಬೇಕು, ನನ್ನ ಮೇಜಿನ ಮೇಲೆ ಆಗುವ ಕೆಲಸವಲ್ಲ.

ಪಾತಿಯ ಕೆಲಸ

ಮೇಲ್ಪದರವನ್ನು ಮುಳ್ಳುಗುದ್ದಲಿಯಿಂದ ಅಲ್ಲಲ್ಲಿ ಚುಚ್ಚಿ ಸಡಿಲಿಸಿದೆ. ಮಣ್ಣನ್ನು ಮಗುಚಲಿಲ್ಲ. ಮಗುಚಿದರೆ ಕಾಳಿನೊಳಗೆ ಅಡಗಿದ ಇಂಗಾಲ ಗಾಳಿಗೆ, ಸೂಕ್ಷ್ಮಜೀವಿಗೆ ಒಟ್ಟಿಗೆ ಸಿಗುತ್ತದೆ, ಶಿಲೀಂಧ್ರದ ಎಳೆಗಳು ಹರಿಯುತ್ತವೆ. ಚುಚ್ಚಿದ ತೂತುಗಳಿಗೆ ಕಳಿತ ಗೊಬ್ಬರ ತೆಳುವಾಗಿ ಹರಡಿದೆ. ಜೋಳ, ಅಲಸಂದೆ ಬೆರೆಸಿ ಒತ್ತಾಗಿ ಬಿತ್ತಿದೆ. ಒಣಹುಲ್ಲನ್ನು ಮಣ್ಣಿಗೆ ಬೆರೆಸದೆ ಮೇಲೆ ಹಾಸಿದೆ. ಮೇಲಿದ್ದರೆ ಅದು ಸಾರಜನಕವನ್ನು ಕಸಿಯುವುದು ತುಂಬಾ ಕಡಿಮೆ, ಮಳೆಹನಿಯ ಏಟನ್ನೂ ತಡೆಯುತ್ತದೆ.

ಮೊಳಕೆ ಬರುವ ತನಕ ನೀರನ್ನು ಸಣ್ಣ ಹನಿಯಲ್ಲೇ ಕೊಟ್ಟೆ. ಬೆಳೆ ಹೂವಿಗೆ ಬರುವ ಹೊತ್ತಿಗೆ ಬುಡದಲ್ಲಿ ಕತ್ತರಿಸಿ ಅಲ್ಲೇ ಮಲಗಿಸಿದೆ. ಬೇರು ಕೀಳಲಿಲ್ಲ. ಕತ್ತರಿಸಿದ ಕೂಡಲೇ ಮುಂದಿನ ಬೀಜ ಬಿತ್ತಿದೆ, ಸಕ್ಕರೆ ಕೊಡುವ ಬೇರು ಇಲ್ಲದ ದಿನಗಳು ಆದಷ್ಟು ಕಡಿಮೆ ಇರಲಿ ಅಂತ.

ನೀರಿನ ದೃಷ್ಟಿಯಿಂದ ಇದಕ್ಕೆ ಒಂದು ಬೆಲೆ ಇದೆ. ಎಲೆ ಇಂಗಾಲ ತೆಗೆದುಕೊಳ್ಳಲು ಬಾಯಿ ತೆರೆದಾಗ ನೀರು ಆವಿಯಾಗಿ ಹೋಗುತ್ತದೆ. ಒಂದು ಗ್ರಾಂ ಒಣ ತೂಕ ಬೆಳೆಯಲು ಗಿಡ ನೂರಾರು ಗ್ರಾಂ ನೀರು ಖರ್ಚು ಮಾಡುತ್ತದೆ. ಗ್ಲೂಕೋಸ್ ಮತ್ತೆ ಉರಿದಾಗ ಗ್ರಾಂಗೆ 0.6 ಗ್ರಾಂ ನೀರು ವಾಪಸ್ ಬರುತ್ತದೆ, ಆದರೆ ಆ ಖರ್ಚಿನ ಮುಂದೆ ಅದು ಏನೂ ಅಲ್ಲ. ಆದ್ದರಿಂದ ನೀರು ತೀರಾ ಕಡಿಮೆ ಇರುವ ಕಡೆ ಹೊದಿಕೆ ಬೆಳೆಯನ್ನು ಬೇಗ ಕತ್ತರಿಸಬೇಕು, ಇಲ್ಲದಿದ್ದರೆ ಮುಂದಿನ ಬೆಳೆಯ ನೀರನ್ನೂ ಅದೇ ಕುಡಿಯುತ್ತದೆ. ಜೋಳ ಈ ವಿಷಯದಲ್ಲಿ ಮಿತವ್ಯಯಿ, ಅದಕ್ಕೇ ಅದನ್ನು ಆರಿಸಿದ್ದು.

ಹತ್ತಿಯ ಬಟ್ಟೆಯ ಪಟ್ಟಿಗಳನ್ನೂ ಹೂತಿದ್ದೆ, ಒಂದು ಪಾತಿಯಲ್ಲಿ, ಒಂದು ಪಕ್ಕದ ಬರಿನೆಲದಲ್ಲಿ. ಹತ್ತಿ ಬಹುಪಾಲು ಸೆಲ್ಯುಲೋಸ್, ಮಣ್ಣು ಅದನ್ನು ತಿನ್ನುತ್ತದಾ ಅಂತ ತಿಳಿಯುವ ಸರಳ ದಾರಿ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡ, ಅದು ಹಾಗೇ ಉಳಿಯುತ್ತದೆ. ಪಾತಿಯ ಪಟ್ಟಿ ತೂತುಬಿದ್ದು ಚಿಂದಿಯಾಗಿ ಬಂತು. ಬರಿನೆಲದ್ದು ಕೊಳೆಯಾಗಿತ್ತು, ಅಷ್ಟೇ, ಎಳೆದರೂ ಹರಿಯಲಿಲ್ಲ.

ಎರಡನೇ ಬೆಳೆ ಕತ್ತರಿಸಿದ ಮೇಲೆ ಕೊಳವೆಯನ್ನು ಹಳೆಯ ಜಾಗದ ಪಕ್ಕದಲ್ಲೇ ಮತ್ತೆ ಇಳಿಸಿದೆ. ಮುಂಚೆ ಅದೇ 440 ಮಿಲಿ ನೀರಿಗೆ ಕಾಯುತ್ತಾ ಕೂರಬೇಕಿತ್ತು. ಈಗ ಕಣ್ಣೆದುರಿಗೇ ಇಳಿಯಿತು. ಮೇಲಿನ ಹೆಂಟೆ ಲೋಟದಲ್ಲಿ ನಿಲ್ಲುತ್ತದೆ. ಒಂದು ಗೇಣು ಕೆಳಗಿನ ಹೆಂಟೆ ಮಾತ್ರ ಇನ್ನೂ ಕರಗುತ್ತದೆ, ಬೇರು ಅಲ್ಲಿಗೆ ಸರಿಯಾಗಿ ತಲುಪಿಲ್ಲ. ಮುಂದಿನ ಸಲ ಪಾತಿಯ ಅರ್ಧಕ್ಕೆ ಆಳಕ್ಕೆ ಬೇರು ಬಿಡುವ ಬಹುವಾರ್ಷಿಕ ಹುಲ್ಲು ಹಾಕುತ್ತೇನೆ. ಇನ್ನರ್ಧಕ್ಕೆ ಈಗಿನ ಮಿಶ್ರಣವೇ ಮುಂದುವರಿಯುತ್ತದೆ. ಕೊಳವೆ ಪರೀಕ್ಷೆ ಮಾಡುವಾಗ ಎರಡೂ ಕಡೆ ಮೇಲಿನಿಂದ ಒಮ್ಮೆ, ಒಂದು ಗೇಣು ಮಣ್ಣು ತೆಗೆದು ಕೆಳಗೆ ಒಮ್ಮೆ ಅಳೆಯಬೇಕು.